ಇಳಿತಕ್ಕೆ ಕಾದ ದಿನ

ನಾನು ಚಿಕ್ಕವಳಿದ್ದಾಗ ಒಂದೆರಡು ದಿನದ ಮಟ್ಟಿಗೆ ನಮಗೆ ಚಕ್ರದ ಮೇಲಿನ ಮನೆಯೊಂದು ಇತ್ತು. ನಗಬೇಡಿ ಮಕ್ಕಳೇ! ಈ ಬೇಸಿಗೆಯಲ್ಲಿ ನೀವು ನನ್ನನ್ನು ಕೂರಿಸಿಕೊಂಡು ಹೋದಿರಲ್ಲ, ಆ ಕ್ಯಾರವಾನಿನ ಹಾಗೆ ಅದರಲ್ಲಿ ಫ್ರಿಜ್ಜು, ಟಿವಿ, ಬಿಸಿನೀರಿನ ನಲ್ಲಿ ಯಾವುದೂ ಇರಲಿಲ್ಲ. ಮೊಟ್ಟೆಯ ಆಕಾರದ ಒಂದು ಹಳೆಯ ಡಬ್ಬ, ಅಷ್ಟೇ. ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಆಗ ನಾವು ಸ್ವೀಡನ್ನಿನ ಒಳನಾಡಿನ ಶೋವ್ಡೆಯಲ್ಲಿದ್ದೆವು. ಅಪ್ಪ ಅಲ್ಲಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಅದನ್ನು ಕೊಟ್ಟು, ಬೇಕಾದಷ್ಟು ದಿನ ಇಟ್ಟುಕೊಳ್ಳಿ ಅಂದಿದ್ದರು.

ನಾವು ಅದರಲ್ಲಿ ಹೊರಟ ವರ್ಷದ ಹಿಂದಿನ ಬೇಸಿಗೆಯಲ್ಲಿ ಅಮ್ಮನೂ ಅದನ್ನು ನೋಡಿದ್ದಳು. ಒಳಗೆ ತಲೆ ಹಾಕಿ, ಆ ಪುಟ್ಟ ಗ್ಯಾಸ್ ಒಲೆಯನ್ನು ನೋಡಿ, "ಅಯ್ಯೋ ದೇವರೇ, ಇಲ್ಲಿ ದೋಸೆ ಮಗುಚಬೇಕಾದ್ರೆ ನಾನು ಬಾಗಿಲಿನಿಂದ ಹೊರಗೆ ಹೋಗಿ ನಿಲ್ಲಬೇಕಷ್ಟೆ!" ಎಂದು ನಕ್ಕಿದ್ದಳು. ಅಪ್ಪ, "ಬರುವ ಬೇಸಿಗೆಗೆ ಇದರಲ್ಲೇ ಕಡಲಿಗೆ ಹೋಗುವ" ಅಂದಿದ್ದರು. ಅಪ್ಪ ಅಮ್ಮ ಇಬ್ಬರೂ ನಮ್ಮ ಕರಾವಳಿಯವರು. ಹೊಳೆ ಬಂದು ಕಡಲು ಸೇರುವ ಅಳಿವೆಯ ಬಾಯಲ್ಲೇ ಅಪ್ಪನ ಮನೆ. ಶೋವ್ಡೆಯಲ್ಲಿ ಎಲ್ಲವೂ ಇತ್ತು, ಕಡಲೊಂದು ಬಿಟ್ಟು. ಇಲ್ಲಿಯ ಗಾಳಿಗೆ ವಾಸನೆಯೇ ಇಲ್ಲ ಎಂದು ಅಮ್ಮ ಕಿಟಕಿ ತೆಗೆದಾಗಲೆಲ್ಲ ಗೊಣಗುತ್ತಿದ್ದಳು.

ಚಳಿಗಾಲದಲ್ಲಿ ಅಮ್ಮನಿಗೆ ಕಾಯಿಲೆಯಾಯಿತು. ಹಿಮ ಕರಗುವ ಮೊದಲೇ ಹೋಗಿಬಿಟ್ಟಳು.

ಮುಂದಿನದನ್ನು ನಿಮಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನೀವೇನು ಅಷ್ಟು ಸಣ್ಣವರಲ್ಲ, ಹೇಳುತ್ತೇನೆ. ನಮ್ಮಲ್ಲಿ ಹೋದವರನ್ನು ಸುಡುತ್ತಾರೆ. ಉಳಿದ ಬೂದಿಯನ್ನು ನೀರಿಗೆ ಬಿಡುತ್ತಾರೆ. ಬಿಡುವವರೆಗೆ ಅದನ್ನು ಮನೆಯೊಳಗೆ ತರುವಂತಿಲ್ಲ, ಹೊರಗೆ ಮರಕ್ಕೋ ಮನೆಯ ಮಾಡಿಗೋ ಕಟ್ಟಿಡಬೇಕು. ಶೋವ್ಡೆಯಲ್ಲಿ ನಮ್ಮದು ಮೂರನೇ ಮಹಡಿಯ ಮನೆ, ಮರ ಎಲ್ಲಿಂದ ತರುವುದು? ಅಪ್ಪ ಅಮ್ಮನ ಬೂದಿಯನ್ನು ತಾಮ್ರದ ತಂಬಿಗೆಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬಾಲ್ಕನಿಯ ಕಂಬಿಗೆ ನೇತುಹಾಕಿದರು. ನಾನು ಬೆಳಿಗ್ಗೆ ಬ್ರೆಡ್ಡು ತಿನ್ನುತ್ತಾ ಗಾಜಿನಾಚೆ ಅದನ್ನು ನೋಡುತ್ತಿದ್ದೆ. ಕೆಲವು ದಿನ ಅದರ ಮೇಲೆ ಹಿಮ ಕೂತಿರುತ್ತಿತ್ತು. ಅಮ್ಮನಿಗೆ ಮೊದಲೇ ಚಳಿ ಆಗಿಬರುತ್ತಿರಲಿಲ್ಲ. ಒಳಗೆ ತಂದು ಹೀಟರ್ ಪಕ್ಕ ಇಡೋಣ ಅಂದರೆ ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಬೇಸಿಗೆ ಬರುವ ಹೊತ್ತಿಗೆ ಅಪ್ಪನಿಗೆ ಉತ್ತರಕ್ಕೆ ಬಹುದೂರದ ಉಮೆಯೊದಲ್ಲಿ, ಯೂನಿವರ್ಸಿಟಿಯ ವರ್ಕ್‌ಶಾಪಿನಲ್ಲಿ ಹೊಸ ಕೆಲಸ ಸಿಕ್ಕಿತು. ಶೋವ್ಡೆಯ ಮನೆಯಲ್ಲಿ ಇರಲು ಅವರಿಗೆ ಆಗುತ್ತಿರಲಿಲ್ಲ, ನಮಗೂ ಅದು ಗೊತ್ತಿತ್ತು. ಹೊಸ ಮನೆಯ ಹೊಸ್ತಿಲಿಗೆ ತಂಬಿಗೆಯನ್ನು ಒಯ್ಯಬಾರದು, ದಾರಿಯಲ್ಲೇ ಅಮ್ಮನನ್ನು ಬೀಳ್ಕೊಡಬೇಕು ಎಂದು ಅಪ್ಪ ನಿಶ್ಚಯಿಸಿದರು. ಭೂಪಟ ಹರಡಿ, ದಾರಿಯಲ್ಲಿ ಹೊಳೆಯೊಂದು ಕಡಲು ಸೇರುವ ಸಣ್ಣ ಊರನ್ನು ಹುಡುಕಿದರು. ಅದರ ಹೆಸರನ್ನು ಸರಿಯಾಗಿ ಹೇಳಲು ಅಪ್ಪನಿಗೆ ಕೊನೆಯವರೆಗೂ ಬರಲಿಲ್ಲ, ನಮ್ಮ ಮನೆಯಲ್ಲಿ ಅದು ಬರೀ 'ಅಳಿವೆ'. ಕೇಳಬೇಕಾದವರ ಹತ್ತಿರ ಅನುಮತಿ ಕೇಳಿದರು. ಊರಿನಿಂದ ಬಂದಿದ್ದ ಪಂಚಾಂಗ ನೋಡಿ ಅಮಾವಾಸ್ಯೆಯ ದಿನವನ್ನೇ ಆರಿಸಿದರು. ಅಮಾವಾಸ್ಯೆಗೆ ಕಡಲಿನ ಭರತ ದೊಡ್ಡದು, ಅದರ ಹಿಂದೆಯೇ ಬರುವ ಇಳಿತವೂ ದೊಡ್ಡದು. ಅಪ್ಪನ ಊರಿನಲ್ಲಿ ಅಳಿವೆಯಲ್ಲಿ ನಿಂತು, ನೀರು ಕೆಳಗಿಳಿಯುವುದನ್ನು ಕಾದು, ಆ ಇಳಿತದ ಕೈಗೆ ಬೂದಿಯನ್ನು ಒಪ್ಪಿಸುತ್ತಾರೆ. ಅದು ನಡುಗಡಲಿಗೆ ಒಯ್ಯುತ್ತದೆ. ಅಜ್ಜನನ್ನು, ಅಜ್ಜನ ಅಪ್ಪನನ್ನು ಹಾಗೆಯೇ ಕಳಿಸಿದ್ದಂತೆ.

ಹೊರಡುವ ದಿನ ಜಗಳವಾಯಿತು. ಕ್ಯಾರವಾನ್ ಮನೆಯೋ ಗಾಡಿಯೋ? ಗಾಡಿಯಾದರೆ ತಂಬಿಗೆಯನ್ನು ಅದರಲ್ಲಿ ಇಡಬಹುದು, ಮನೆಯಾದರೆ ಇಡುವಂತಿಲ್ಲ. "ಚಕ್ರ ಉಂಟಲ್ಲ ಅಪ್ಪಾ, ಗಾಡಿಯೇ" ಅಂದಳು ಅಕ್ಕ. "ಒಲೆ ಉಂಟು, ಹಾಸಿಗೆ ಉಂಟು. ಒಲೆ ಇದ್ದಲ್ಲಿ ಮನೆ" ಅಂದರು ಅಪ್ಪ. ಕೊನೆಗೆ ತಂಬಿಗೆ ಕಾರಿನಲ್ಲಿ, ಅಕ್ಕನ ಮಡಿಲಿನಲ್ಲಿ ಬಂತು. ಮುಂದಿನ ಸೀಟಿನಲ್ಲಿ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಅಕ್ಕ ಕೂತಿದ್ದಳು. ಗುಂಡಿ ಬಂದಾಗಲೆಲ್ಲ ತಂಬಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಪೈನ್ ಮರ, ಮತ್ತೆ ಪೈನ್ ಮರ.

ಸಂಜೆ ಆ ಊರು ಸೇರಿ, ಕಡಲ ಹತ್ತಿರ ಕ್ಯಾರವಾನುಗಳು ನಿಲ್ಲುವ ಬಯಲಿನಲ್ಲಿ ನಮ್ಮದನ್ನೂ ನಿಲ್ಲಿಸಿದೆವು. ತಂಬಿಗೆಯನ್ನು ಒಂದು ಪೈನ್ ಮರದ ಕೊಂಬೆಗೆ ಕಟ್ಟಿದೆವು. "ಅಂತೂ ಒಂದು ಮರ ಸಿಕ್ಕಿತು" ಎಂದರು ಅಪ್ಪ. ಅವರ ಮುಖದಲ್ಲಿ ಆ ದಿನ ಕಂಡ ಸಮಾಧಾನ ಅದೊಂದೇ.

ಬೆಳಿಗ್ಗೆ ಮೋಡ ಕವಿದಿತ್ತು. ಮೂವರೂ ಸ್ನಾನ ಮಾಡಿ, ತಂಬಿಗೆ ಹಿಡಿದುಕೊಂಡು ದಡಕ್ಕೆ ಹೋದೆವು. ಕೆಲಸ ಮುಗಿಯುವವರೆಗೆ ಒಲೆ ಹಚ್ಚುವಂತಿರಲಿಲ್ಲ, ಆದ್ದರಿಂದ ಹೊಟ್ಟೆ ಖಾಲಿ. ನೀರಂಚಿನಲ್ಲಿ ಕೆಂಪು ಛಾಯೆಯ ದೊಡ್ಡ ಬಂಡೆಯೊಂದಿತ್ತು. ಅದರ ನೆತ್ತಿಯಲ್ಲಿ ಒರಳಿಗೆ ಇರುವಂಥ ದುಂಡು ಗುಳಿ. ಅರ್ಧ ಬಂಡೆ ನೀರಿನಲ್ಲಿ, ಅರ್ಧ ಮರಳಿನಲ್ಲಿ. ಅಪ್ಪ ತಂಬಿಗೆಯನ್ನು ಆ ಗುಳಿಯಲ್ಲಿ ಇಟ್ಟರು, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ನಾನು ಅಪ್ಪನ ಊರಿನ ಕಡಲನ್ನು ಒಮ್ಮೆ ನೋಡಿದ್ದೆ. ಅದು ದಿನವಿಡೀ ಬೊಬ್ಬೆ ಹೊಡೆಯುವ ಕಡಲು. ಮೀನು, ಉಪ್ಪು, ಕೊಳೆತ ತೆಂಗಿನ ಸಿಪ್ಪೆ, ಎಲ್ಲ ಸೇರಿದ ವಾಸನೆ ಮೈಗೆ ಅಂಟುತ್ತದೆ. ಇದು ಸದ್ದೇ ಇಲ್ಲದೆ ಬಿದ್ದುಕೊಂಡಿತ್ತು. ಬೂದು ಆಕಾಶ, ಅದರ ಕೆಳಗೆ ಬೂದು ನೀರು. ನಾನು ಬೆರಳು ಅದ್ದಿ ನೆಕ್ಕಿದೆ. "ಅಪ್ಪಾ, ಉಪ್ಪೇ ಇಲ್ಲ!" ಅಪ್ಪ ಒಂದು ಬೊಗಸೆ ತೆಗೆದು ಬಾಯಿಗೆ ಹಾಕಿ, ಉಗುಳಿ, "ಸ್ವಲ್ಪ ಉಂಟು. ಹೊಳೆ ನೀರು ಸೇರ್ತದಲ್ಲ, ಹಾಗೆ" ಅಂದರು. ಹೇಳಿದ್ದು ನನಗಾದರೂ ಸಮಾಧಾನ ಮಾಡಿಕೊಂಡದ್ದು ತಮಗೇ ಎಂದು ಈಗ ಅನಿಸುತ್ತದೆ.

"ಈಗ ಭರತ ಬಂದು ನಿಂತಿದೆ. ಸ್ವಲ್ಪ ಹೊತ್ತಿಗೆ ಇಳಿತ ಶುರು ಆಗ್ತದೆ. ಅಲ್ಲಿವರೆಗೆ ಕೂತುಕೊಳ್ಳುವ" ಎಂದರು ಅಪ್ಪ.

ಅಕ್ಕ ಒಂದು ಪೈನ್ ಕಡ್ಡಿಯನ್ನು ಸರಿಯಾಗಿ ನೀರು ಮರಳನ್ನು ಮುಟ್ಟುವಲ್ಲಿ ನೆಟ್ಟಳು. ನೀರು ಕಡ್ಡಿಯನ್ನು ಬಿಟ್ಟು ಹಿಂದೆ ಸರಿದರೆ ಇಳಿತ ಶುರುವಾಯಿತು ಎಂದರ್ಥ. ನಾವು ಕೂತೆವು. ಮರಳು ತಣ್ಣಗಿತ್ತು, ಅದರ ತೇವ ಲಂಗದೊಳಗೆ ಏರಿತು. ಸೊಳ್ಳೆಗಳು ಕಿವಿಯ ಹತ್ತಿರ ಹಾಡತೊಡಗಿದವು. ಹಿಂದಿನ ಬಯಲಿನಲ್ಲಿ ಯಾರೋ ಸಾಸೇಜು ಸುಡುತ್ತಿದ್ದರು, ಯಾರದೋ ರೇಡಿಯೋ ಹಾಡುತ್ತಿತ್ತು. ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದರು. ಅವರದ್ದೆಲ್ಲ ರಜೆ, ನಮ್ಮದು ಮಾತ್ರ ಹೀಗೆ. ನನಗೆ ಅವರ ಮೇಲೆಲ್ಲ ಕೆಟ್ಟ ಸಿಟ್ಟು ಬಂತು, ಯಾಕೆಂದು ಕೇಳಬೇಡಿ.

ಕಡ್ಡಿ ಇದ್ದಲ್ಲೇ ಇತ್ತು. ನೀರೂ ಇದ್ದಲ್ಲೇ ಇತ್ತು.

"ಅಪ್ಪಾ, ಏನೂ ಆಗಲಿಲ್ಲ" ಅಂದಳು ಅಕ್ಕ.

"ದೊಡ್ಡ ಕಡಲು ಮಾರಾಯ್ತಿ ಇದು. ಗಡಿಬಿಡಿ ಮಾಡಿದ್ರೆ ಆಗ್ತದಾ?"

ಪಕ್ಕದ ಕ್ಯಾರವಾನಿನ ಹೆಂಗಸೊಬ್ಬರು ನಮ್ಮನ್ನು ನೋಡುತ್ತಲೇ ಇದ್ದರು ಅಂತ ಕಾಣುತ್ತದೆ. ಬಿಳಿ ತಲೆ, ಹಳದಿ ರಬ್ಬರ್ ಬೂಟು. ತಟ್ಟೆಯಲ್ಲಿ ದಾಲ್ಚಿನ್ನಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಒಟ್ಟಿಗೆ ಕೂತು ಫಿಕಾ ಮಾಡೋಣವೇ ಎಂದು ಕೇಳುತ್ತಾ ಬಂದರು. ಬಂಡೆಯ ಮೇಲಿನ ತಂಬಿಗೆಯನ್ನು ನೋಡಿದರು, ನಮ್ಮ ಮುಖಗಳನ್ನು ನೋಡಿದರು. "ದೋಣಿಗೆ ಕಾಯುತ್ತಿದ್ದೀರಾ?" ಎಂದು ಸ್ವೀಡಿಷಿನಲ್ಲಿ ಮೆಲ್ಲಗೆ ಕೇಳಿದರು. ಅಕ್ಕ ಹೌದು ಅಂದುಬಿಟ್ಟಳು. ಆ ಹೆಂಗಸು ಮತ್ತೇನೂ ಕೇಳದೆ ತಟ್ಟೆಯನ್ನು ನಮ್ಮ ಹತ್ತಿರವೇ ಬಿಟ್ಟು ಹೋದರು.

"ಮಕ್ಕಳಿಗೆ ಅಡ್ಡಿಲ್ಲ, ತಿನ್ನಿ" ಅಂದರು ಅಪ್ಪ. ನಾನು ತಿಂದೆ. ಇನ್ನೂ ಬೆಚ್ಚಗಿತ್ತು, ಮೇಲಿನ ಸಕ್ಕರೆ ಹಲ್ಲಿನಡಿ ಕರಕರ ಅಂದಿತು. ಅಷ್ಟು ರುಚಿಯಾದದ್ದನ್ನು ಅಮ್ಮ ಹೋದ ಮೇಲೆ ನಾನು ತಿಂದಿರಲಿಲ್ಲ. ಅಕ್ಕ ಮುಟ್ಟಲಿಲ್ಲ. ಅವಳಿಗೆ ಹದಿನಾಲ್ಕು ವರ್ಷ, ತಾನೂ ದೊಡ್ಡವರ ಲೆಕ್ಕ ಎಂಬ ಬಿಗುಮಾನ.

ಮಧ್ಯಾಹ್ನ ಕಳೆಯಿತು. ತುಂತುರು ಮಳೆ ಬಂದು ಹೋಯಿತು. ಚೆಂಡಾಡುವ ಮಕ್ಕಳು ಒಳಗೆ ಓಡಿದರು, ಮತ್ತೆ ಹೊರಗೆ ಬಂದರು. ನಾವು ಎದ್ದಿರಲಿಲ್ಲ. ತಂಬಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿ ಜೋತುಬಿದ್ದಿತ್ತು. ಅಪ್ಪ ಆಗಾಗ ಎದ್ದು ಹೋಗಿ ಕಡ್ಡಿಯ ಬುಡಕ್ಕೆ ಬಗ್ಗಿ ನೋಡುತ್ತಿದ್ದರು. ಎಂಜಿನ್ನಿನ ಒಳಗೆ ಎಲ್ಲಿ ಸದ್ದು ಬರುತ್ತಿದೆ ಎಂದು ಕಿವಿಗೊಟ್ಟು ಪತ್ತೆ ಮಾಡುವ ನನ್ನ ಅಪ್ಪನಿಗೆ, ಎದುರಿಗಿದ್ದ ಆ ನೀರಿನ ಮಟ್ಟ ಕಾಣದೇ? ಕಂಡಿತ್ತು. ಒಪ್ಪಿಕೊಳ್ಳಲು ಆಗಿರಲಿಲ್ಲ, ಪಾಪ.

ಕೊನೆಗೆ ಅಕ್ಕನೇ ಹೇಳಿದಳು. "ಅಪ್ಪಾ, ಇಲ್ಲಿ ಇಳಿತ ಇಲ್ಲ."

ಅಪ್ಪ ಸರಕ್ಕನೆ ತಿರುಗಿದರು. "ಇಳಿತ ಇಲ್ಲದ ಕಡಲು ಎಲ್ಲಾದ್ರೂ ಉಂಟಾ? ಕಡಲು ಅಂದ್ಮೇಲೆ ಏರ್ಬೇಕು, ಇಳೀಬೇಕು. ನೀನು ಹುಟ್ಟುವ ಮೊದಲೇ ಕಡಲು ನೋಡಿದವ ನಾನು!"

"ಈ ಕಡಲು ನೋಡಿರ್ಲಿಲ್ಲ" ಅಂದಳು ಅಕ್ಕ. "ಅಮ್ಮನನ್ನು ಇನ್ನೆಷ್ಟು ದಿನ ಹೊರಗೆ ನೇತುಹಾಕೂದು ಅಪ್ಪಾ?"

ಅಷ್ಟು ಹೇಳಿ ಜೋರಾಗಿ ಅತ್ತುಬಿಟ್ಟಳು. ಅಮ್ಮ ಹೋದ ದಿನವೂ ಅಳದವಳು ಅವಳು. ಅವಳು ಅತ್ತಳೆಂದು ನಾನೂ ಅತ್ತೆ. ಅಪ್ಪ ಪ್ಯಾಂಟು ಮಡಿಸಿ, ತಂಬಿಗೆ ಎತ್ತಿಕೊಂಡು ನೀರಿಗೆ ಇಳಿದರು. ಕಡಲು ಇಳಿಯದಿದ್ದರೆ ತಾನಾದರೂ ಇಳಿಯಬೇಕಲ್ಲ. ನಾವೂ ಹಿಂದೆ ಹೋದೆವು. ನೀರು ಎಂಥ ಚಳಿ ಅಂದರೆ ಹಿಮ್ಮಡಿ ನೋಯುತ್ತಿತ್ತು. ಬಂಡೆಯಿಂದ ನಾಲ್ಕು ಹೆಜ್ಜೆ ಆಚೆಗೆ, ಅಪ್ಪನ ಮೀನಖಂಡ ಮುಳುಗುವಲ್ಲಿ ನಿಂತೆವು. ಅದಕ್ಕಿಂತ ಮುಂದೆ ಹೋಗಲು ಅವರಿಗೆ ಕಾಲು ಬರಲಿಲ್ಲ. ಬಟ್ಟೆ ಬಿಚ್ಚಿ, ಏನೋ ಮಣಮಣ ಹೇಳಿಕೊಳ್ಳುತ್ತಾ ತಂಬಿಗೆಯನ್ನು ಮೆಲ್ಲಗೆ ಬಗ್ಗಿಸಿದರು.

ನೀರು ಒಂದು ಕ್ಷಣ ಹಾಲು ಬೆರೆಸಿದಂತೆ ಮಂಕಾಯಿತು. ಆಮೇಲೆ ಬೂದಿಯೆಲ್ಲ ನಿಧಾನಕ್ಕೆ ಕೆಳಗಿಳಿದು ಮರಳಿನ ಮೇಲೆ ಕೂತುಬಿಟ್ಟಿತು. ಅಷ್ಟೇ. ಎಲ್ಲಿಗೂ ಹೋಗಲಿಲ್ಲ. ಆ ನೀರು ಎಷ್ಟು ತಿಳಿಯಾಗಿತ್ತೆಂದರೆ ನಮ್ಮ ಕಾಲಿನ ಬೆರಳುಗಳೂ, ಅವುಗಳ ಪಕ್ಕದಲ್ಲಿ ಅಮ್ಮನ ಬೂದಿಯೂ ಚೆನ್ನಾಗಿ ಕಾಣುತ್ತಿದ್ದವು.

ಅಪ್ಪ ತಂಬಿಗೆ ಬಿಟ್ಟು ಬಗ್ಗಿದರು. ಎರಡೂ ಕೈಯಿಂದ ನೀರನ್ನು ಮುಂದಕ್ಕೆ ತಳ್ಳತೊಡಗಿದರು. ಬೂದಿ ಎದ್ದಿತು, ಗಿರಗಿರ ತಿರುಗಿತು, ಮತ್ತೆ ಅಲ್ಲೇ ಕೂತಿತು. ಮತ್ತೆ ತಳ್ಳಿದರು. "ಹೋಗು ಮಾರಾಯ್ತಿ, ಹೋಗು" ಎಂದರು. "ನಮ್ಮನ್ನು ನೋಡ್ಬೇಡ, ಹೋಗು." ಅಕ್ಕನೂ ತಳ್ಳಿದಳು. ನಾನೂ ತಳ್ಳಿದೆ. ಮೂವರೂ ಸಾಲಾಗಿ ಬಗ್ಗಿ, ಅಳುತ್ತಾ, ಆ ಕಡಲಿಗೆ ಇಲ್ಲದ ಇಳಿತವನ್ನು ಕೈಯಿಂದ ಮಾಡಲು ನೋಡಿದೆವು. ದಡದಿಂದ ನೋಡಿದವರಿಗೆ ನಾವು ನೀರಾಟ ಆಡುತ್ತಿದ್ದಂತೆ ಕಂಡಿರಬೇಕು. ತೋಳು ಸೋತು ಬಿದ್ದಾಗ ಅಪ್ಪ ಹಾಗೆಯೇ ನೀರಿನಲ್ಲಿ ಕೂತುಬಿಟ್ಟರು. "ಅವಳಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ" ಅಂದರು.

ಆ ಸಂಜೆ ಅಕ್ಕ ಕ್ಯಾರವಾನಿನ ಒಲೆ ಹಚ್ಚಿ ಗಂಜಿ ಮಾಡಿದಳು. ಉಪ್ಪಿನಕಾಯಿಯ ಬಾಟಲಿಯಲ್ಲಿ ಅಮ್ಮ ಹಾಕಿದ್ದ ಕೊನೆಯ ಮಾವಿನಕಾಯಿ ಹೋಳುಗಳಿದ್ದವು. ಅಪ್ಪ ಒಂದನ್ನು ನನ್ನ ಬಟ್ಟಲಿಗೆ, ಒಂದನ್ನು ಅಕ್ಕನ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿದರು. ಕಿಟಕಿಯ ಗಾಜು ಗಂಜಿಯ ಹಬೆಗೆ ಮಂಜಾಯಿತು. ರಾತ್ರಿಯಾದರೂ ಹೊರಗೆ ಬೆಳಕಿತ್ತು, ಇಲ್ಲಿಯ ಬೇಸಿಗೆ ಗೊತ್ತಲ್ಲ. ಕತ್ತಲಾದರೂ ಆಗಿದ್ದರೆ ಎಂದು ನಾನು ಆಸೆಪಟ್ಟೆ.

ಮರುದಿನ ಉಮೆಯೊ ಸೇರಿದೆವು. ಹೊಸ ಮನೆ, ಹೊಸ ಶಾಲೆ. ಅದೆಲ್ಲ ಬೇರೆ ಕಥೆ. ಸುತ್ತ ನೆಲವಿರುವ ಈ ಕಡಲಿಗೆ ಕಣ್ಣಿಗೆ ಕಾಣುವಂಥ ಭರತ ಇಳಿತ ಇಲ್ಲವೆಂದು ಅಲ್ಲಿಗೆ ಹೋದ ಮೇಲಷ್ಟೇ ತಿಳಿಯಿತು. ಆಮೇಲೆ ಎಷ್ಟೋ ಸಲ ಅದೇ ದಾರಿಯಲ್ಲಿ ಓಡಾಡಿದೆವು. ಆ ಊರಿನ ಬೋರ್ಡು ಬಂದಾಗ ಅಪ್ಪ ಮಾತು ನಿಲ್ಲಿಸುತ್ತಿದ್ದರು, ಕಾರು ಮಾತ್ರ ನಿಲ್ಲಿಸುತ್ತಿರಲಿಲ್ಲ. ಅಮ್ಮನನ್ನು ಸರಿಯಾಗಿ ಕಳಿಸಲಿಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ. ತೀರಾ ವಯಸ್ಸಾಗಿ, ಯಾರು ಯಾರೆಂದು ಗುರುತು ಸಿಗದೇ ಹೋದ ಕೊನೆಯ ದಿನಗಳಲ್ಲಿಯೂ ಕೈ ಹಿಡಿದು ಅದೊಂದನ್ನೇ ಕೇಳುತ್ತಿದ್ದರು. "ಇಳಿತ ಆಯ್ತಾ?" ಆಯ್ತು ಅನ್ನುತ್ತಿದ್ದಳು ಅಕ್ಕ. ಅವರು ನಂಬದೆ ನನ್ನ ಕಡೆ ತಿರುಗಿ ಮತ್ತೆ ಕೇಳುತ್ತಿದ್ದರು. ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ದಿಂಬು ಸರಿಮಾಡುತ್ತಿದ್ದೆ.

ಈಗ ನಿಮ್ಮ ಕಾಲ. ಸ್ಟಾಕ್‌ಹೋಮಿನಿಂದ ಹೊರಟಾಗ ನಿಮ್ಮ ಕ್ಯಾರವಾನಿನಲ್ಲಿ ಆರು ಚಾರ್ಜರ್, ಎರಡು ಬಗೆಯ ಐಸ್‌ಕ್ರೀಮು, ಅಜ್ಜಿಗೆಂದು ಬೇರೆ ದಿಂಬು. ದಾರಿಯಲ್ಲಿ ನಿಮ್ಮ ಅಪ್ಪ ಅಮ್ಮ ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು ಯಾವ ರಸ್ತೆ ಎಂದು ಕಿತ್ತಾಡುತ್ತಿದ್ದರು. ಆ ಜಗಳ ಕೇಳಿ ನನಗೆಷ್ಟು ಹಿತವಾಗಿತ್ತು ಎಂದು ನಿಮಗೆ ಗೊತ್ತಿಲ್ಲ. ರಾತ್ರಿ ತಂಗಲು ನಾನೇ ಹಟ ಹಿಡಿದು ಆ ಊರನ್ನು ಹೇಳಿದೆ. ಬೆಳಿಗ್ಗೆ ನಿಮ್ಮನ್ನು ಕರೆದುಕೊಂಡು ದಡಕ್ಕೆ ಹೋದರೆ, ಬಂಡೆಯೇ ಇಲ್ಲ! ನೀರಂಚಿನಲ್ಲಿ ಆಚೀಚೆ ಹುಡುಕಿ ಸಾಕಾಯಿತು. ಆಗ ಹಿಂದಿನಿಂದ ನಿಮ್ಮಲ್ಲಿ ದೊಡ್ಡವನು ಕೂಗಿದ. "ಅಜ್ಜಿ, ಇಲ್ಲಿ ಒಂದು ಸ್ಟೋನ್ ಇದೆ, ಹೋಲ್ ಇರೋದು!"

ಬಂಡೆ ಹುಲ್ಲಿನ ನಡುವೆ ಇತ್ತು. ನೆತ್ತಿಯ ಗುಳಿಯಲ್ಲಿ ಪೈನ್ ಎಲೆ ತುಂಬಿತ್ತು. ನೀರು ಎಷ್ಟೋ ದೂರದಲ್ಲಿ. ಬಂಡೆಯಿಂದ ನಾಲ್ಕು ಹೆಜ್ಜೆ ಆಚೆಗೆ, ನಾವು ಮೂವರೂ ಬಗ್ಗಿ ನೀರು ತಳ್ಳಿದ ಜಾಗದಲ್ಲಿ, ಹಳದಿ ಹೂ ಬಿಟ್ಟಿತ್ತು. "ಇದು ನೀರಲ್ಲಿತ್ತು" ಅಂದೆ ನಾನು. ದೊಡ್ಡವನು ಭುಜ ಹಾರಿಸಿದ. "ಯಾ, ಇಲ್ಲಿ ನೆಲ ಮೇಲೆ ಬರ್ತಾ ಇದೆ ಅಜ್ಜಿ. ಸ್ಕೂಲಲ್ಲಿ ಹೇಳಿದ್ರು. ಐಸ್ ಏಜಲ್ಲಿ ಇಲ್ಲಿ ಫುಲ್ ಐಸ್ ಇತ್ತು, ಅದರ ವೇಟಿಗೆ ನೆಲ ಕೆಳಗೆ ಹೋಗಿತ್ತು. ಈಗ ಸ್ಲೋ ಆಗಿ ಏಳ್ತಾ ಇದೆ. ಸೀ ಹಿಂದೆ ಹೋಗುತ್ತೆ, ವಾಪಸ್ ಬರಲ್ಲ."

ಅದನ್ನು ನಾನೂ ಉಮೆಯೊದ ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೆ. ಆ ಪಾಠಕ್ಕೂ ನಮ್ಮ ಬಂಡೆಗೂ ಸಂಬಂಧ ಉಂಟೆಂದು ಒಂದು ದಿನವೂ ಹೊಳೆದಿರಲಿಲ್ಲ. ನಿಮಗೆ ಐಸ್‌ಕ್ರೀಮು ಕರಗುವುದರೊಳಗೆ ತಿಳಿಯುವುದು ನಮಗೆ ತಿಳಿಯಲು ಒಂದು ಜನ್ಮ ಹಿಡಿಯಿತು ನೋಡಿ.

ನಾನು ಯಾಕೆ ಅತ್ತೆ, ಯಾಕೆ ಆ ಹುಲ್ಲಿನ ಹತ್ತಿರ ನಿಮ್ಮಿಬ್ಬರಿಗೂ ಶೂ ಬಿಚ್ಚಿ ಬನ್ನಿ ಅಂದೆ ಎಂದು ನೀವು ಆಮೇಲೆ ಕೇಳಿದಿರಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದ್ದು. ಇಳಿತ ಆಯ್ತು ಅಪ್ಪಾ, ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಊರಿನ ಕಡಲಾಗಿದ್ದರೆ ಅಮ್ಮನನ್ನು ಕರೆದುಕೊಂಡು ಹೋಗುತ್ತಿತ್ತು. ಈ ಕಡಲು ಅವಳನ್ನು ನಮಗೆ ಬಿಟ್ಟು ತಾನೊಂದೇ ಹೋಯಿತು. ಸಣ್ಣವಳು ಯಾಕೆ ಏನು ಅನ್ನದೆ ಶೂ ಬಿಚ್ಚಿ ಜೋಡಿಸಿಟ್ಟು ಹುಲ್ಲಿಗೆ ಕಾಲಿಟ್ಟಳು. ಯಾರ ಮನೆಗೆ ಹೋದರೂ ನೀವು ಬಾಗಿಲಲ್ಲೇ ಶೂ ಬಿಚ್ಚುವವರು.